‘ದಾರಿ ತೆರೆದಿದೆ, ಅಪಾಯವಿಲ್ಲ’: ಎರಡು ಹೋಳಾದ ಬೈರೂತ್ ಮತ್ತು ಅದರ ಪತ್ರಿಕೆಗಳು

2024ರ ಸೆಪ್ಟೆಂಬರ್ ಕೊನೆಯಿಂದ ಸುಮಾರು ಎರಡು ತಿಂಗಳು ಲೆಬನಾನಿನ ರಾಜಧಾನಿ ಬೈರೂತ್‌ನ ದಕ್ಷಿಣ ಬಡಾವಣೆಗಳ ಜನ ಮಲಗುವ ಮುಂಚೆ ಒಂದು ಎಕ್ಸ್ ಖಾತೆ ತೆರೆದು ನೋಡುತ್ತಿದ್ದರು. ಅದು ಅವರ ಕಡೆಯ ಖಾತೆಯಲ್ಲ. ಅದು ಇಸ್ರೇಲಿ ಸೇನೆಯ ಅರಬ್ಬಿ ವಕ್ತಾರ ಅವಿಖಾಯ್ ಅದ್ರಯಿ ಅವರದು. ಅವರು ಅಲ್ಲಿ ನಕ್ಷೆ ಹಾಕುತ್ತಿದ್ದರು. ಒಂದು ಕಟ್ಟಡಕ್ಕೆ ಕೆಂಪು ಬಣ್ಣ. ಪಕ್ಕದಲ್ಲಿ, ಇದರಿಂದ ದೂರ ಹೋಗಿ ಎಂಬ ಸೂಚನೆ. ಸ್ವಲ್ಪ ಹೊತ್ತಿಗೆ ಅಲ್ಲಿ ಬಾಂಬು ಬೀಳುತ್ತಿತ್ತು. ಎಷ್ಟೋ ಸಲ ಸೂಚನೆಯೇ ಇಲ್ಲದೆ ಬೀಳುತ್ತಿತ್ತು.

ದಹಿಯೆ ಎಂದು ಕರೆಯುವ ಈ ಬಡಾವಣೆಗಳು ಶಿಯಾ ಸಶಸ್ತ್ರ ಪಕ್ಷ ಹಿಜ್ಬುಲ್ಲಾದ ನೆಲೆ. ಅಲ್ಲಿನವರಿಗೆ ತಮ್ಮದೇ ಟಿವಿ ಚಾನೆಲ್ ಇದೆ, ಅಲ್-ಮನಾರ್. ತಮ್ಮ ಮಾತನ್ನು ಬರೆಯುವ ಪತ್ರಿಕೆಯೂ ಇದೆ, ಅಲ್-ಅಖ್ಬಾರ್. ಆದರೂ ಈ ರಾತ್ರಿ ಮನೆಯಲ್ಲಿ ಇರಬೇಕೋ, ಮಕ್ಕಳನ್ನು ಎಬ್ಬಿಸಿಕೊಂಡು ಹೊರಡಬೇಕೋ ಎಂದು ತಿಳಿಯಲು ಶತ್ರುವಿನ ಖಾತೆ ನೋಡಬೇಕಾಗಿತ್ತು. ಪ್ರೀತಿಯಿಂದಲ್ಲ, ನಂಬಿಕೆಯಿಂದಲೂ ಅಲ್ಲ. ಜೀವ ಉಳಿಯಬೇಕಲ್ಲ, ಅದಕ್ಕೆ.

ಇದನ್ನು ಓದುವಾಗ ನನಗೆ ಅದೇ ಊರಿನ ಇನ್ನೊಬ್ಬ ಮನುಷ್ಯ ನೆನಪಾದರು. ಹೆಸರು ಶರೀಫ್ ಅಲ್-ಅಖವಿ. 1975ರಲ್ಲಿ ಸರ್ಕಾರಿ ರೇಡಿಯೊದಲ್ಲಿ ಕೆಲಸ ಮಾಡುತ್ತಿದ್ದವರು. ಅಂತರ್ಯುದ್ಧ ಶುರುವಾದಾಗ ಅವರು ಒಂದು ಸರಳ ಕೆಲಸ ಹಿಡಿದರು. ಯಾವ ರಸ್ತೆ ತೆರೆದಿದೆ, ಎಲ್ಲಿ ಸ್ನೈಪರ್ ಕೂತಿದ್ದಾನೆ, ಎಲ್ಲಿ ಅಪಹರಣ ನಡೆಯುತ್ತಿದೆ ಎಂದು ಗಂಟೆಗಂಟೆಗೆ ಹೇಳುವುದು. ‘ಸಾಲಿಕ ವ ಆಮಿನ’ ಎಂಬುದು ಅವರ ಮಾತು. ದಾರಿ ತೆರೆದಿದೆ, ಅಪಾಯವಿಲ್ಲ ಎಂದರ್ಥ. ಲೆಬನಾನಿನ ಹಿರಿಯರ ಬಾಯಲ್ಲಿ ಈ ಮಾತು ಇವತ್ತಿಗೂ ಇದೆ.

ಬೈರೂತ್‌ನ ಪಕ್ಷಪಾತಿ ಪತ್ರಿಕೆಗಳನ್ನು ಅರ್ಥ ಮಾಡಿಕೊಳ್ಳಲು ನಾನು ಈ ಮಾತಿನಿಂದಲೇ ಹೊರಡುತ್ತೇನೆ. ಯಾಕೆಂದರೆ ಈ ವಿಷಯ ಬಂದಾಗಲೆಲ್ಲ ನಾವು ಸುಳ್ಳಿನ ಬಗ್ಗೆ ಮಾತಾಡುತ್ತೇವೆ. ಪತ್ರಿಕೆ ಜನರಿಗೆ ಸುಳ್ಳು ಹೇಳಿತು, ಜನ ನಂಬಿದರು, ಹೊಡೆದಾಡಿದರು ಎನ್ನುತ್ತೇವೆ. ಅಷ್ಟು ಸುಲಭವಾಗಿದ್ದರೆ ಒಂದೆರಡು ಸುಳ್ಳು ಹೊರಬಿದ್ದ ಮೇಲೆ ಜನ ಪತ್ರಿಕೆ ಬಿಡಬೇಕಿತ್ತು, ಅಲ್ವಾ? ಬಿಡಲಿಲ್ಲ. ಹೋಳಾದ ಊರಿನಲ್ಲಿ ನಿಮ್ಮ ಬೀದಿಯ ಸುದ್ದಿ ನಿಮ್ಮ ಕಡೆಯ ಪತ್ರಿಕೆಯಲ್ಲೇ ಸಿಗುತ್ತದೆ. ಬ್ರೆಡ್ ಎಲ್ಲಿ ಸಿಗುತ್ತದೆ, ಯಾವ ಗಡಿದಾರಿ ಇವತ್ತು ತೆರೆದಿದೆ, ಯಾರ ಮಗ ಸತ್ತ. ಈ ಸುದ್ದಿಗಳು ನಿಜ. ನಿಮ್ಮ ಕಣ್ಣೆದುರೇ ನಿಜವಾಗುತ್ತವೆ. ಮೂರನೇ ಪುಟದ ಈ ನಿಜಗಳು ಮೊದಲ ಪುಟಕ್ಕೂ ನಂಬಿಕೆ ಸಾಲ ಕೊಡುತ್ತವೆ.

ಗೆರೆ ಬಿದ್ದಿದ್ದು ಹೇಗೆ

1975ರ ಏಪ್ರಿಲ್ 13ರಂದು ಬೈರೂತ್‌ನ ಐನ್ ಅಲ್-ರುಮ್ಮಾನೆಯಲ್ಲಿ ಪ್ಯಾಲೆಸ್ತೀನಿಯರಿದ್ದ ಬಸ್ಸಿನ ಮೇಲೆ ಕ್ರೈಸ್ತ ಬಲಪಂಥೀಯ ಕತಾಯಿಬ್ ಪಕ್ಷದ ಬಂದೂಕುಧಾರಿಗಳು ಗುಂಡು ಹಾರಿಸಿದರು. ಯುದ್ಧ ಶುರುವಾದ ದಿನ ಎಂದು ಎಲ್ಲರೂ ಹೇಳುವುದು ಇದನ್ನೇ. ಅದು 1990ರವರೆಗೆ ನಡೆಯಿತು. ಸತ್ತವರು ಸುಮಾರು 1,50,000 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಕಾಣೆಯಾದವರು ಸುಮಾರು 17,000.

ಊರಿನ ನಡುವೆ ದಮಾಸ್ಕಸ್ ರಸ್ತೆಯ ಉದ್ದಕ್ಕೂ ಗೆರೆ ಬಿತ್ತು. ಜನ ಓಡಾಡದ ಆ ಪಟ್ಟಿಯಲ್ಲಿ ಗಿಡಗಂಟಿ ಬೆಳೆದು ‘ಹಸಿರು ಗೆರೆ’ ಎಂಬ ಹೆಸರೂ ಬಂತು. ಪೂರ್ವದಲ್ಲಿ ಹೆಚ್ಚಾಗಿ ಕ್ರೈಸ್ತರು. ಪಶ್ಚಿಮದಲ್ಲಿ ಹೆಚ್ಚಾಗಿ ಮುಸ್ಲಿಮರು, ಜೊತೆಗೆ ಎಡಪಕ್ಷಗಳು ಮತ್ತು ಪ್ಯಾಲೆಸ್ತೀನಿ ಗುಂಪುಗಳು. ಜನರ ಬಾಯಲ್ಲಿ ಬರೀ ‘ಶರ್ಕಿಯ್ಯೆ’, ‘ಗರ್ಬಿಯ್ಯೆ’. ಅಂದರೆ ಪೂರ್ವದ್ದು, ಪಶ್ಚಿಮದ್ದು. ದಾಟಲು ಮ್ಯೂಸಿಯಂ, ಸೋಡೆಕೊ, ಬರ್ಬೀರ್ ಹೀಗೆ ಬೆರಳೆಣಿಕೆಯ ಜಾಗಗಳು.

1975ರ ಡಿಸೆಂಬರ್ 6ರಂದು, ‘ಕಪ್ಪು ಶನಿವಾರ’ ಎಂದು ಕರೆಯುವ ದಿನ, ರಸ್ತೆತಡೆಗಳಲ್ಲಿ ಜನರ ಗುರುತಿನ ಚೀಟಿ ನೋಡಿ ಕೊಂದರು. ಆಗಿನ ಚೀಟಿಯಲ್ಲಿ ಯಾವ ಪಂಥ ಎಂಬುದು ಅಚ್ಚಾಗಿರುತ್ತಿತ್ತು. ಇಂಥ ಊರಿನಲ್ಲಿ ಕಾರಿನ ಸೀಟಿನ ಮೇಲೆ ಬಿದ್ದಿರುವ ಪತ್ರಿಕೆಯೂ ಒಂದು ಗುರುತಿನ ಚೀಟಿಯೇ. ಸೈನಿಕರೂ ಹಂಚಿಹೋದರು. 1976ರಲ್ಲಿ ಸೇನೆ ಒಡೆದಾಗ ಟಿವಿಯೂ ಒಡೆಯಿತು. ಪೂರ್ವದ ಹಜ್ಮಿಯೆ ಸ್ಟುಡಿಯೊದಿಂದ ಒಂದು ವಾರ್ತೆ, ಪಶ್ಚಿಮದ ತಲ್ಲತ್ ಅಲ್-ಖಯ್ಯಾತ್‌ನಿಂದ ಇನ್ನೊಂದು.

ಆದರೆ ಪತ್ರಿಕೆಗಳ ಮಟ್ಟಿಗೆ ಗೆರೆ ಅಷ್ಟು ನೇರವಾಗಿರಲಿಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ. ಅನ್-ನಹಾರ್, ಅಂದರೆ ‘ಹಗಲು’, 1933ರಲ್ಲಿ ಜುಬ್ರಾನ್ ತುವೈನಿ ಶುರು ಮಾಡಿದ ಪತ್ರಿಕೆ. ಆರ್ಥೊಡಾಕ್ಸ್ ಕ್ರೈಸ್ತ ಮನೆತನದ್ದು. ಅದರ ಕಚೇರಿ ಇದ್ದದ್ದು ಪಶ್ಚಿಮದ ಹಮ್ರಾದಲ್ಲಿ. ಫ್ರೆಂಚ್ ಪತ್ರಿಕೆ ಲೋರಿಯಾಂ-ಲ ಜೂರ್ ಕೂಡ ಹಮ್ರಾದಲ್ಲೇ. ಅರಬ್ ರಾಷ್ಟ್ರೀಯತೆಯ ಕಡೆ ಒಲವಿದ್ದ ಅಲ್-ಅನ್ವಾರ್ ಇದ್ದದ್ದು ಪೂರ್ವದ ಹಜ್ಮಿಯೆಯಲ್ಲಿ. ಹೀಗೆ ಎಷ್ಟೋ ಪತ್ರಿಕೆಗಳು ತಮ್ಮ ಓದುಗರು ಇರುವ ಕಡೆಯಲ್ಲಿ ಇರಲಿಲ್ಲ. ತಮ್ಮನ್ನು ಇಷ್ಟಪಡದ ಬಂದೂಕುಗಳ ನಡುವೆ ಅಚ್ಚಾಗುತ್ತಿದ್ದವು. ಇದರ ಪರಿಣಾಮ ಏನು ಎಂಬುದಕ್ಕೆ ಮುಂದೆ ಬರುತ್ತೇನೆ.

ಪಕ್ಷಗಳ ಸ್ವಂತ ಪತ್ರಿಕೆಗಳ ಕತೆ ಬೇರೆ. ಕತಾಯಿಬ್ ಪಕ್ಷಕ್ಕೆ 1939ರಿಂದಲೂ ಅಲ್-ಅಮಲ್ ಇತ್ತು. ಕಮ್ಯುನಿಸ್ಟರಿಗೆ 1959ರಿಂದ ಅನ್-ನಿದಾ, ಅಂದರೆ ‘ಕರೆ’. ಇವು ಯಾವ ಕಡೆ ಎಂದು ಯಾರೂ ಕೇಳಬೇಕಿರಲಿಲ್ಲ. ನನಗೆ ಇವು ಅಷ್ಟು ಕುತೂಹಲ ಹುಟ್ಟಿಸುವುದಿಲ್ಲ. ಪಕ್ಷದ ಪತ್ರಿಕೆ ಪಕ್ಷದ ಮಾತಾಡುತ್ತದೆ, ಅದರಲ್ಲಿ ಏನು ವಿಶೇಷ? ಕುತೂಹಲ ಇರುವುದು ‘ನಾವು ಎಲ್ಲರ ಪತ್ರಿಕೆ’ ಎನ್ನುತ್ತಲೇ ಒಂದು ಕಡೆಗೆ ವಾಲಿದವುಗಳಲ್ಲಿ.

ಲೈಸೆನ್ಸ್ ಮತ್ತು ದುಡ್ಡು

ಯುದ್ಧ ಬರುವ ಮುಂಚೆಯೇ ಬೈರೂತ್ ಪತ್ರಿಕೆಗಳ ಪಕ್ಷಪಾತಕ್ಕೆ ಒಂದು ಕಾನೂನಿನ ಬುನಾದಿ ಇತ್ತು. 1953ರ 74ನೇ ಆದೇಶ. ರಾಜಕೀಯ ದಿನಪತ್ರಿಕೆಗಳ ಸಂಖ್ಯೆ 25ಕ್ಕೆ, ಉಳಿದ ರಾಜಕೀಯ ಪತ್ರಿಕೆಗಳ ಸಂಖ್ಯೆ 20ಕ್ಕೆ ಇಳಿಯುವವರೆಗೆ ಹೊಸ ಲೈಸೆನ್ಸ್ ಇಲ್ಲ ಎಂದು ಅದು ಹೇಳಿತು. ಹೊಸದಾಗಿ ಪತ್ರಿಕೆ ಮಾಡುವವರು ಹಳೆಯ ಲೈಸೆನ್ಸ್ ಕೊಳ್ಳಬೇಕು. ಲೈಸೆನ್ಸ್ ಹೀಗೆ ಆಸ್ತಿಯಾಯಿತು. ಇಟ್ಟುಕೊಂಡವರಿಗೆ ಬೆಲೆ, ಕೊಳ್ಳುವವರಿಗೆ ಹೊರೆ. ಇಷ್ಟು ದುಡ್ಡು ಯಾರ ಬಳಿ ಇರುತ್ತದೆ? ಶ್ರೀಮಂತ ಮನೆತನಗಳ ಬಳಿ, ಪಕ್ಷಗಳ ಬಳಿ, ಇಲ್ಲವೇ ಹೊರದೇಶಗಳ ಬಳಿ.

ಲೆಬನಾನ್ ಪುಟ್ಟ ದೇಶ. ಜಾಹೀರಾತಿನ ಮೇಲೆ ಬದುಕಬಲ್ಲ ಪತ್ರಿಕೆಗಳು ಕೆಲವೇ. ಆದರೆ ಸುತ್ತಲಿನ ಅರಬ್ ದೇಶಗಳಲ್ಲಿ ಸೆನ್ಸಾರ್ ಬಿಗಿಯಾಗಿತ್ತು, ಬೈರೂತ್‌ನಲ್ಲಿ ಸಡಿಲವಾಗಿತ್ತು. ಹಾಗಾಗಿ ಕೈರೊ, ಬಾಗ್ದಾದ್, ರಿಯಾದ್, ಟ್ರಿಪೋಲಿ, ದಮಾಸ್ಕಸ್ ಎಲ್ಲರೂ ತಮ್ಮ ಜಗಳವನ್ನು ಬೈರೂತ್‌ನ ಪತ್ರಿಕೆಗಳಲ್ಲಿ ಆಡಿದರು. 1964ರಿಂದ 1970ರವರೆಗೆ ಅಧ್ಯಕ್ಷರಾಗಿದ್ದ ಶಾರ್ಲ್ ಹೆಲು ಸ್ವತಃ ಪತ್ರಕರ್ತರಾಗಿದ್ದವರು. ತಮ್ಮನ್ನು ನೋಡಲು ಬಂದ ಲೆಬನಾನಿ ಸಂಪಾದಕರಿಗೆ ಅವರು ‘ನಿಮ್ಮ ಎರಡನೇ ದೇಶ ಲೆಬನಾನಿಗೆ ಸ್ವಾಗತ’ ಎಂದರಂತೆ. ಕತೆ ನಿಜವೋ ಸುಳ್ಳೋ, ಪತ್ರಕರ್ತರೇ ಅದನ್ನು ನಗುತ್ತಾ ಹೇಳಿಕೊಂಡು ಬಂದಿದ್ದಾರೆ.

1974ರ ಮಾರ್ಚ್ 26ರಂದು ತಲಾಲ್ ಸಲ್ಮಾನ್ ಅಸ್-ಸಫೀರ್ ಶುರು ಮಾಡಿದರು. ಹೆಸರಿಗೆ ‘ರಾಯಭಾರಿ’ ಎಂದರ್ಥ. ಪತ್ರಿಕೆಯ ಘೋಷವಾಕ್ಯ ‘ದನಿ ಇಲ್ಲದವರ ದನಿ’. ಲಿಬಿಯಾದ ನೆರವಿತ್ತು ಎಂಬುದು ಬೈರೂತ್‌ನಲ್ಲಿ ಗುಟ್ಟಾಗಿರಲಿಲ್ಲ. ಅನ್-ನಹಾರ್ ಉದಾರವಾದಿ, ಪಶ್ಚಿಮ ದೇಶಗಳ ಕಡೆಗೆ ಮುಖ. ಅಸ್-ಸಫೀರ್ ಎಡ, ಅರಬ್, ಪ್ಯಾಲೆಸ್ತೀನ್ ಪರ. ಮುಂದಿನ 40 ವರ್ಷ ಬೈರೂತ್‌ನಲ್ಲಿ ಬೆಳಿಗ್ಗೆ ಯಾವ ಪತ್ರಿಕೆ ಓದುತ್ತೀರಿ ಎಂದು ಕೇಳಿದರೆ ಅದರ ಹಿಂದೆ ಈ ಎರಡರ ಪ್ರಶ್ನೆ ಇರುತ್ತಿತ್ತು.

ಆದರೆ ಹೊರಗಿನ ದುಡ್ಡು ಬಂದದ್ದರಿಂದ ಆ ಪತ್ರಿಕೆಯಲ್ಲಿ ಬರೆದದ್ದೆಲ್ಲ ಬಾಡಿಗೆ ಬರಹ ಎನ್ನುವುದು ಸರಿಯಲ್ಲ. ಅಸ್-ಸಫೀರ್‌ನಲ್ಲಿ ನಾಜಿ ಅಲ್-ಅಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಬೆನ್ನು ತಿರುಗಿಸಿ ನಿಂತ ಹತ್ತು ವರ್ಷದ ಹುಡುಗ ಹಂದಲಾ ಅವರ ಗುರುತು. ಆ ಗೆರೆಗಳು ಇಸ್ರೇಲ್, ಅಮೆರಿಕ, ಅರಬ್ ದೊರೆಗಳು, ಪ್ಯಾಲೆಸ್ತೀನಿ ನಾಯಕರು, ಯಾರನ್ನೂ ಬಿಡಲಿಲ್ಲ. ದುಡ್ಡು ಕೊಟ್ಟವರು ಸಂಪಾದಕೀಯ ಕೊಂಡಿರಬಹುದು. ಮೂಲೆಯ ಚಿತ್ರ ಕೊಳ್ಳಲು ಆಗಲಿಲ್ಲ. 1987ರಲ್ಲಿ ಲಂಡನ್‌ನಲ್ಲಿ ಅವರಿಗೆ ಗುಂಡು ಹೊಡೆದರು. ಕೆಲವು ವಾರಗಳ ನಂತರ ಅವರು ತೀರಿಕೊಂಡರು.

ಒಂದೇ ಹೆಣಕ್ಕೆ ಎರಡು ಪದ

ಈಗ ಮುಖ್ಯ ವಿಷಯಕ್ಕೆ ಬರೋಣ. ಪಕ್ಷಪಾತ ಇರುವುದು ಎಲ್ಲಿ?

ಮೊದಲನೆಯದಾಗಿ ಹೆಸರಿನಲ್ಲಿ. ಪಶ್ಚಿಮದ ಎಡ ಪತ್ರಿಕೆಗಳು ಕತಾಯಿಬ್ ಮತ್ತು ಅದರ ಗೆಳೆಯರನ್ನು ‘ಇನ್‌ಇಜಾಲಿಯ್ಯೂನ್’ ಎಂದು ಕರೆದವು. ಅರಬ್ ಜಗತ್ತಿನಿಂದ ಬೇರೆಯಾಗಿ ತಮ್ಮಷ್ಟಕ್ಕೆ ಕೂತವರು ಎಂದರ್ಥ. ಪೂರ್ವದ ಪತ್ರಿಕೆಗಳಿಗೆ ಪ್ಯಾಲೆಸ್ತೀನಿಯರು ‘ಗುರಬಾ’, ಪರಕೀಯರು. ಈ ಎರಡು ಪದಗಳನ್ನು ಸ್ವಲ್ಪ ಹೊತ್ತು ನೋಡಿ. ಎರಡರಲ್ಲೂ ಬೈಗುಳ ಇಲ್ಲ. ಸುಳ್ಳೂ ಇಲ್ಲ. ಆದರೆ ಎರಡೂ ಒಂದೇ ಕೆಲಸ ಮಾಡುತ್ತವೆ. ಎದುರಿನವನು ಈ ಊರಿನವನಲ್ಲ ಎನ್ನುತ್ತವೆ. ಒಬ್ಬ ತಾನೇ ಹೊರಗೆ ಹೋದವನು, ಇನ್ನೊಬ್ಬ ಹೊರಗಿನಿಂದ ಬಂದವನು. ದಿನಾ ಬೆಳಿಗ್ಗೆ ಕಾಫಿ ಜೊತೆ ಈ ಪದ ಓದುವವನಿಗೆ ಗೆರೆಯ ಆಚೆ ನೆರೆಯವರಿದ್ದಾರೆ ಎಂಬುದೇ ಮರೆಯುತ್ತದೆ. ಹಳೆಯ ಪರಿಚಯದವನೂ ಆ ಪದದೊಳಗೆ ಕರಗಿಹೋಗುತ್ತಾನೆ.

ಎರಡನೆಯದು, ಸಾವಿಗೆ ಬಳಸುವ ಪದ. ಅರಬ್ಬಿಯಲ್ಲಿ ‘ಇಸ್ತಶ್ಹದ’ ಎಂದರೆ ಹುತಾತ್ಮನಾದ. ‘ಕುತಿಲ’ ಎಂದರೆ ಕೊಲ್ಲಲ್ಪಟ್ಟ. ನಮ್ಮವರು ಹುತಾತ್ಮರಾಗುತ್ತಾರೆ, ಅವರವರು ಸಾಯುತ್ತಾರೆ. ಹುತಾತ್ಮನಿಗೆ ಹೆಸರು, ಊರು, ಫೋಟೊ. ಸತ್ತವನಿಗೆ ಬರೀ ಸಂಖ್ಯೆ. ಬೇರೆ ಏನೂ ತಿರುಚಬೇಕಿಲ್ಲ. ಎರಡೂ ಪತ್ರಿಕೆಗಳ ಸಂಖ್ಯೆ ಸರಿಯಾಗಿಯೇ ಇರಬಹುದು. ಯಾರಿಗೆ ಮುಖ ಕೊಟ್ಟೆವು, ಯಾರಿಗೆ ಅಂಕೆ ಕೊಟ್ಟೆವು ಎಂಬುದರಲ್ಲೇ ಯುದ್ಧ ಮುಗಿದುಹೋಗುತ್ತದೆ.

ಮೂರನೆಯದು ಯುದ್ಧಕ್ಕೇ ಇಟ್ಟ ಹೆಸರು. ಲೆಬನಾನಿನ ಜನ ಅಂತರ್ಯುದ್ಧ ಎಂಬ ಪದವನ್ನು ಸುತ್ತಿಬಳಸಿ ತಪ್ಪಿಸುತ್ತಾರೆ. ‘ಅಲ್-ಅಹ್ದಾಸ್’, ಅಂದರೆ ಘಟನೆಗಳು, ಎನ್ನುತ್ತಾರೆ. ಅನ್-ನಹಾರ್‌ನ ಘಸ್ಸಾನ್ ತುವೈನಿ ಇದನ್ನು ಬೇರೆಯವರಿಗಾಗಿ ನಡೆದ ಯುದ್ಧ ಎಂದು ಕರೆದರು. ಆ ಮಾತಿನಲ್ಲಿ ದೊಡ್ಡ ಸತ್ಯವಿದೆ. ಸಿರಿಯಾ, ಇಸ್ರೇಲ್, ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ (ಪಿಎಲ್‌ಒ), ಇರಾಕ್, ಲಿಬಿಯಾ, ಇರಾನ್, ಅಮೆರಿಕ ಎಲ್ಲರೂ ಅಲ್ಲಿ ಕೈಯಾಡಿಸಿದ್ದಾರೆ. ಆದರೆ ಅದು ಬಲು ಅನುಕೂಲದ ಮಾತೂ ಹೌದು. ರಸ್ತೆತಡೆಯಲ್ಲಿ ಚೀಟಿ ನೋಡಿದವನು ಅದೇ ಊರಿನ ಹುಡುಗ. ಅವನನ್ನು ಆ ಮಾತು ಸುಮ್ನೆ ಹಿಂದಕ್ಕೆ ಸರಿಸಿಬಿಡುತ್ತದೆ.

1982ರ ಬೇಸಿಗೆಯಲ್ಲಿ ಇಸ್ರೇಲಿ ಸೇನೆ ಪಶ್ಚಿಮ ಬೈರೂತ್‌ಗೆ ಮುತ್ತಿಗೆ ಹಾಕಿತು. ಎರಡು ತಿಂಗಳಿಗೂ ಜಾಸ್ತಿ. ನೀರು, ಕರೆಂಟು ಕತ್ತರಿಸಿದರು. ಗೆರೆಯ ಆಚೆ ಪೂರ್ವದಲ್ಲಿ ಇಸ್ರೇಲಿನ ಜೊತೆ ನಂಟಿದ್ದ ಕ್ರೈಸ್ತ ನಾಯಕ ಬಶೀರ್ ಜಮಾಯಿಲ್ ಅವರ ಪಡೆಗಳು. ಮುತ್ತಿಗೆಯೊಳಗೆ ಅಸ್-ಸಫೀರ್ ಅಚ್ಚಾಗುತ್ತಲೇ ಇತ್ತು. ಆಗಸ್ಟ್‌ನ ಒಂದು ದಿನ ಅದರ ತಲೆಬರಹ: ‘ಬೈರೂತ್ ಉರಿಯುತ್ತಿದೆ, ಬಿಳಿ ಬಾವುಟ ಏರಿಸುವುದಿಲ್ಲ’. ಇದು ಸುದ್ದಿಯಲ್ಲ, ಘೋಷಣೆ. ಆದರೂ ಪಶ್ಚಿಮದವರು ಆ ಪುಟವನ್ನು ಇವತ್ತಿಗೂ ನೆನೆಯುತ್ತಾರೆ. ತಮ್ಮ ಜೊತೆ ಒಂದೇ ಕತ್ತಲಲ್ಲಿ ಕೂತು ಅಚ್ಚು ಹಾಕಿದ ಪತ್ರಿಕೆ ಅದು ಎಂಬ ಕಾರಣಕ್ಕೆ. ಪತ್ರಿಕೋದ್ಯಮದ ಪಾಠದಲ್ಲಿ ಅದು ತಪ್ಪು ತಲೆಬರಹ ಇರಬಹುದು. ಆ ಹೊತ್ತಿನಲ್ಲಿ ಅಲ್ಲಿ ಕೂತವನಾಗಿದ್ದರೆ ನಾನೂ ಅದನ್ನೇ ಕೊಳ್ಳುತ್ತಿದ್ದೆನೇನೋ.

ಆದರೆ ಒಂದು ಗಮನಿಸಿ. ಆ ತಲೆಬರಹದ ‘ಬೈರೂತ್’ ಇಡೀ ಬೈರೂತ್ ಅಲ್ಲ. ಅರ್ಧ ಊರು ಉರಿಯುತ್ತಿತ್ತು. ಇನ್ನರ್ಧ ಊರಿನ ಹಲವರು ಪಿಎಲ್‌ಒ ತೊಲಗಿದರೆ ಸಾಕು ಎಂದು ಕಾಯುತ್ತಿದ್ದರು. ಪಕ್ಷಪಾತಿ ಪತ್ರಿಕೆ ಮಾಡುವ ದೊಡ್ಡ ಕಳ್ಳತನ ಇದೇ ಎಂದು ನನಗನಿಸುತ್ತದೆ. ಅದು ಎದುರು ಬಣದ ಸುದ್ದಿಯನ್ನು ಕದಿಯುವುದಿಲ್ಲ. ಊರಿನ ಹೆಸರನ್ನೇ ಕದಿಯುತ್ತದೆ.

ಗುಂಡು ಯಾವ ಕಡೆಯಿಂದ ಬಂತು

ಗೆರೆಯಾಚೆಯ ಶತ್ರುವಿಗೆ ಹೆದರಿ ಪತ್ರಿಕೆಗಳು ತಮ್ಮ ಬಣಕ್ಕೆ ಅಂಟಿಕೊಂಡವು ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಸತ್ತ ಪತ್ರಕರ್ತರ ಪಟ್ಟಿ ನೋಡಿದರೆ ಬೇರೆಯೇ ಕಾಣುತ್ತದೆ.

ಗೆರೆ ದಾಟುವಾಗಲೇ ಸತ್ತವರೂ ಇದ್ದಾರೆ. ಲೋರಿಯಾಂ-ಲ ಜೂರ್ ಸಂಪಾದಕ ಎದುವಾರ್ ಸಾಬ್ 1976ರ ಮೇ 16ರಂದು ಊರಿನ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಸ್ನೈಪರ್ ಗುಂಡಿಗೆ ಬಲಿಯಾದರು. ಆದರೆ ಬೇರೆಯವರನ್ನು ನೋಡಿ. ಅಲ್-ಹವಾದಿಸ್ ವಾರಪತ್ರಿಕೆಯ ಸಲೀಂ ಅಲ್-ಲೌಜಿ ಸಿರಿಯಾವನ್ನು ಟೀಕಿಸಿ ಲಂಡನ್‌ಗೆ ಹೋಗಿ ನೆಲೆಸಿದ್ದರು. ತಾಯಿ ತೀರಿಕೊಂಡರೆಂದು 1980ರ ಫೆಬ್ರವರಿಯಲ್ಲಿ ಬೈರೂತ್‌ಗೆ ಬಂದರು. ವಾಪಸ್ ಹೊರಟಾಗ ವಿಮಾನ ನಿಲ್ದಾಣದ ರಸ್ತೆಯಲ್ಲಿ ಅಪಹರಿಸಿದರು. ಮಾರ್ಚ್‌ನಲ್ಲಿ ಹೆಣ ಸಿಕ್ಕಿತು. ಬರೆಯುವ ಕೈಯನ್ನು ಆಸಿಡ್‌ನಲ್ಲಿ ಸುಟ್ಟಿದ್ದರು. ಅದೇ ವರ್ಷ ಜುಲೈ 23ರಂದು ಪತ್ರಿಕಾ ಮಾಲೀಕರ ಸಂಘದ ಅಧ್ಯಕ್ಷ ರಿಯಾದ್ ತಾಹಾ ಅವರನ್ನು ಗುಂಡಿಟ್ಟು ಕೊಂದರು. 1984ರ ಜುಲೈನಲ್ಲಿ ತಲಾಲ್ ಸಲ್ಮಾನ್ ಮೇಲೆ ಅವರ ಮನೆಯೆದುರೇ ದಾಳಿ. ಬದುಕಿಕೊಂಡರು, ಮುಖದಲ್ಲಿ ಗುರುತು ಉಳಿಯಿತು. 1987ರಲ್ಲಿ ಕಮ್ಯುನಿಸ್ಟ್ ಚಿಂತಕ ಹುಸೇನ್ ಮುರುವ್ವೆ ಅವರನ್ನು ಮನೆಯಲ್ಲೇ ಕೊಂದರು. ಆಗ ಅವರಿಗೆ 70 ದಾಟಿತ್ತು.

ಇವೆಲ್ಲ ನಡೆದದ್ದು ಪಶ್ಚಿಮ ಭಾಗದಲ್ಲಿ, ಅವರು ಓಡಾಡುವ ಜಾಗಗಳಲ್ಲೇ. ಬಹುಪಾಲು ಪ್ರಕರಣಗಳಲ್ಲಿ ಕೊಂದವರಿಗೆ ಶಿಕ್ಷೆಯೇ ಆಗಲಿಲ್ಲ. ಆದರೆ ಒಂದು ವಿಷಯ ಸ್ಪಷ್ಟ. ಸಂಪಾದಕನಿಗೆ ಗೆರೆಯಾಚೆಯ ಬಂದೂಕಿಗಿಂತ ತನ್ನ ಕಚೇರಿಯ ಬೀದಿಯ ಬಂದೂಕಿನ ಭಯ ಹೆಚ್ಚು. ಆಚೆಯವನನ್ನು ಬೈದರೆ ಓದುಗರು ಚಪ್ಪಾಳೆ ತಟ್ಟುತ್ತಾರೆ. ತನ್ನ ಬೀದಿಯ ಹುಡುಗರು ಅಂಗಡಿಯವರಿಂದ ಹಫ್ತಾ ವಸೂಲಿ ಮಾಡುತ್ತಿದ್ದಾರೆ ಎಂದು ಬರೆದರೆ ರಾತ್ರಿ ಬಾಗಿಲು ಬಡಿಯುತ್ತಾರೆ. ಹಾಗಾಗಿ ಪಕ್ಷಪಾತಿ ಪತ್ರಿಕೆಯಲ್ಲಿ ಹುಡುಕಬೇಕಾದದ್ದು ಎದುರಿನವರ ಬಗ್ಗೆ ಅದು ಏನು ಬರೆಯಿತು ಎಂಬುದನ್ನಲ್ಲ. ತನ್ನವರ ಬಗ್ಗೆ ಏನು ಬರೆಯಲಿಲ್ಲ ಎಂಬುದನ್ನು. ಶತ್ರುವಿನ ಅಪರಾಧಗಳ ವಿಷಯದಲ್ಲಿ ಈ ಪತ್ರಿಕೆಗಳು ಬಹಳ ಸಲ ನಂಬಿಕೆಗೆ ಅರ್ಹ. ಅದನ್ನು ಅವು ಶ್ರದ್ಧೆಯಿಂದ ಮಾಡುತ್ತವೆ. ತಮ್ಮವರ ಅಪರಾಧ ಬೇಕಿದ್ದರೆ ಎದುರಿನವರ ಪತ್ರಿಕೆಯನ್ನೇ ಕೊಳ್ಳಬೇಕು.

ಸರ್ಕಾರವೂ ಕೈಕಟ್ಟಿ ಕೂರಲಿಲ್ಲ. 1976ರ ಕೊನೆಗೆ ಸಿರಿಯಾ ಸೈನಿಕರೇ ಹೆಚ್ಚಿದ್ದ ಅರಬ್ ಶಾಂತಿಪಾಲನಾ ಪಡೆ ಕೆಲವು ಪತ್ರಿಕೆಗಳ ಕಚೇರಿಗೆ ನುಗ್ಗಿ ಕೂತಿತು. 1977ರ ಜನವರಿಯಲ್ಲಿ ಅಚ್ಚಿಗೆ ಮುಂಚಿನ ಸೆನ್ಸಾರ್ ಬಂತು. ಜೂನ್‌ನಲ್ಲಿ ಪತ್ರಿಕಾ ಅಪರಾಧಗಳಿಗೆ ಶಿಕ್ಷೆ ಹೇಳುವ 104ನೇ ಆದೇಶ. ಕೆಲವು ಪತ್ರಿಕೆಗಳು ಲಂಡನ್, ಪ್ಯಾರಿಸ್ ದಾರಿ ಹಿಡಿದವು. 1976ರಲ್ಲಿ ನಿಂತ ಅಲ್-ಹಯಾತ್ ಮತ್ತೆ ಶುರುವಾದದ್ದು 1988ರಲ್ಲಿ, ಲಂಡನ್‌ನಿಂದ.

ಬೇರೆ ದಾರಿ ಇರಲಿಲ್ಲವೇ ಎಂದು ಕೇಳಬಹುದು. ಬೋಸ್ನಿಯಾದ ರಾಜಧಾನಿ ಸರಾಯೆವೊದ ಒಸ್ಲೊಬೊಜೆನ್ಯೆ ಪತ್ರಿಕೆಯನ್ನು ಜನ ಉದಾಹರಣೆ ಕೊಡುತ್ತಾರೆ. 1992ರಿಂದ ಮುತ್ತಿಗೆಯಲ್ಲಿದ್ದ ಊರು. ಪತ್ರಿಕೆಯ ಎತ್ತರದ ಕಟ್ಟಡವನ್ನು ಸರ್ಬ್ ಫಿರಂಗಿಗಳು ಪುಡಿ ಮಾಡಿದವು. ಬೋಸ್ನಿಯಾಕ್, ಸರ್ಬ್, ಕ್ರೊಯೇಟ್ ಪತ್ರಕರ್ತರು ಒಟ್ಟಿಗೆ ನೆಲಮಾಳಿಗೆಯ ಅಣುಬಾಂಬ್ ರಕ್ಷಣಾ ಕೋಣೆಯಲ್ಲಿ ಕೂತು ಪತ್ರಿಕೆ ಹೊರತಂದರು. ಕಾಗದ ಸಿಗದೆ ಪುಟ ಕಡಿಮೆಯಾಯಿತು, ಪ್ರತಿ ಕಡಿಮೆಯಾಯಿತು, ಪತ್ರಿಕೆ ಮಾತ್ರ ಬಂತು. ಅದು ನಿಷ್ಪಕ್ಷಪಾತವಾಗಿತ್ತು ಎಂದು ನಾನು ಹೇಳುವುದಿಲ್ಲ. ಅದಕ್ಕೂ ಒಂದು ಪಕ್ಷ ಇತ್ತು. ಈ ಊರು ಒಂದೇ ಎಂಬ ಪಕ್ಷ. ಬೈರೂತ್‌ನಲ್ಲಿ ಆ ಪಕ್ಷಕ್ಕೆ ದುಡ್ಡು ಕೊಡುವವರು ಇರಲಿಲ್ಲ.

ಗೆರೆ ಹೋಯಿತು, ಚಾನೆಲ್ ಬಂತು

1990ರಲ್ಲಿ ಯುದ್ಧ ನಿಂತಿತು. 1991ರ ಆಗಸ್ಟ್‌ನಲ್ಲಿ ಕ್ಷಮಾದಾನದ ಕಾನೂನು ಬಂತು. ಬಂದೂಕು ಹಿಡಿದವರು ಮಂತ್ರಿಗಳಾದರು. ಹಸಿರು ಗೆರೆಯ ಗಿಡಗಂಟಿ ಕಿತ್ತು ರಸ್ತೆ ಮಾಡಿದರು. ಮಾಧ್ಯಮದಲ್ಲಿ ಮಾತ್ರ ಗೆರೆ ಉಳಿಯಿತು. 1994ರ ಪ್ರಸಾರ ಕಾನೂನಿನ ನಂತರ 1996ರಲ್ಲಿ ಟಿವಿ ಲೈಸೆನ್ಸ್ ಹಂಚಿದರು. ಮರೋನೈಟ್ ಕ್ರೈಸ್ತರ ಕಡೆಯದೆಂದು ಎಲ್‌ಬಿಸಿಐ, ಸುನ್ನಿ ಪ್ರಧಾನಿ ರಫೀಕ್ ಹರೀರಿ ಅವರ ಫ್ಯೂಚರ್ ಟಿವಿ, ಆರ್ಥೊಡಾಕ್ಸ್ ಮುರ್ ಮನೆತನದ ಎಂಟಿವಿ, ಶಿಯಾ ಸ್ಪೀಕರ್ ನಬೀಹ್ ಬೆರ್ರಿ ಅವರ ಎನ್‌ಬಿಎನ್. ಮನೆಯ ಆಸ್ತಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ.

2005ರಲ್ಲಿ ಹರೀರಿ ಹತ್ಯೆಯಾಯಿತು. ಅದೇ ವರ್ಷ ಜೂನ್ 2ರಂದು ಅನ್-ನಹಾರ್ ಅಂಕಣಕಾರ ಸಮೀರ್ ಕಸೀರ್, ಡಿಸೆಂಬರ್ 12ರಂದು ಅದರ ಮುಖ್ಯಸ್ಥ ಜುಬ್ರಾನ್ ತುವೈನಿ, ಅಂದರೆ ಸ್ಥಾಪಕರ ಮೊಮ್ಮಗ, ಇಬ್ಬರೂ ಕಾರ್ ಬಾಂಬ್‌ಗೆ ಬಲಿಯಾದರು. 2008ರ ಮೇ ತಿಂಗಳಲ್ಲಿ ಹಿಜ್ಬುಲ್ಲಾ ಮತ್ತು ಗೆಳೆಯರು ಪಶ್ಚಿಮ ಬೈರೂತ್ ಹಿಡಿದಾಗ ಹರೀರಿ ಬಳಗದ ಟಿವಿ ಕತ್ತಲಾಯಿತು. ಅವರ ಪತ್ರಿಕೆ ಅಲ್-ಮುಸ್ತಕ್ಬಲ್ ಕಟ್ಟಡಕ್ಕೆ ಬೆಂಕಿ ಬಿತ್ತು. ಹಳೆಯ ಚಾಳಿ.

ಆಮೇಲೆ ಬಾಂಬು ಮಾಡದ ಕೆಲಸವನ್ನು ದುಡ್ಡಿನ ಕೊರತೆ ಮಾಡಿತು. ಹೊರದೇಶಗಳ ಕೈ ಬಿಗಿಯಾಯಿತು, ಓದುಗರು ಫೋನಿಗೆ ಹೋದರು. 42 ವರ್ಷ ನಡೆದ ಅಸ್-ಸಫೀರ್ 2016ರ ಕೊನೆಗೆ ನಿಂತಿತು. 2018ರಲ್ಲಿ ಅಲ್-ಅನ್ವಾರ್. 2019ರಲ್ಲಿ ಅಲ್-ಮುಸ್ತಕ್ಬಲ್ ಅಚ್ಚು ನಿಲ್ಲಿಸಿತು. 2018ರ ಅಕ್ಟೋಬರ್ 11ರಂದು ಅನ್-ನಹಾರ್ ಖಾಲಿ ಪುಟಗಳನ್ನು ಹೊರತಂದಿತು. ಸರ್ಕಾರ ರಚನೆಯಾಗದ್ದಕ್ಕೆ ಪ್ರತಿಭಟನೆ ಎಂದರು. ಬರೆಯಲು ಏನೂ ಉಳಿದಿಲ್ಲ ಎಂದೂ ಓದಬಹುದಿತ್ತು.

2023ರ ಅಕ್ಟೋಬರ್‌ನಿಂದ ಮತ್ತೆ ಅದೇ ಪದಗಳ ಆಟ. ಗಾಜಾ ಯುದ್ಧ ಶುರುವಾದ ಮರುದಿನ ಹಿಜ್ಬುಲ್ಲಾ ತೆರೆದ ಗಡಿಯ ಕಾದಾಟಕ್ಕೆ ಅದರ ಕಡೆಯವರು ಇಟ್ಟ ಹೆಸರು ‘ಬೆಂಬಲದ ಯುದ್ಧ’. ವಿರೋಧಿ ಮಾಧ್ಯಮಗಳ ಪ್ರಕಾರ ಅದು ಲೆಬನಾನನ್ನು ಎಳೆದುಹಾಕಿದ ಬೇರೆಯವರ ಯುದ್ಧ. 40 ವರ್ಷ ಹಳೆಯ ಮಾತು, ಹೊಸ ಅಂಗಿ. ಒಂದು ಕಡೆ ‘ಹುತಾತ್ಮರು’, ಇನ್ನೊಂದು ಕಡೆ ‘ಸತ್ತವರು’. ಒಂದು ಕಡೆ ‘ಇಸ್ರೇಲಿ ಶತ್ರು’, ಇನ್ನೊಂದು ಕಡೆ ಬರೀ ‘ಇಸ್ರೇಲ್’. ದಕ್ಷಿಣದಿಂದ, ದಹಿಯೆಯಿಂದ ಓಡಿಬಂದ ಲಕ್ಷಾಂತರ ಜನ ಬೈರೂತ್‌ನ ಬೇರೆ ಬಡಾವಣೆಗಳಿಗೆ, ಕ್ರೈಸ್ತ ಮತ್ತು ದ್ರೂಸ್ ಊರುಗಳಿಗೆ ಬಂದಾಗ ಅವರನ್ನು ಅತಿಥಿಗಳೆಂದು ಬರೆಯಬೇಕೋ ಅಪಾಯವೆಂದೋ? ಇದನ್ನು ಓದುಗ ಯಾವ ಚಾನೆಲ್ ಹಾಕಿದ್ದಾನೆ ಎಂಬುದು ತೀರ್ಮಾನಿಸಿತು.

ಒಂದು ಮಾತ್ರ ಬದಲಾಗಿತ್ತು. 1975ರಲ್ಲಿ ‘ದಾರಿ ತೆರೆದಿದೆ’ ಎಂಬ ಸುದ್ದಿ ಊರಿನೊಳಗಿನಿಂದ ಬರುತ್ತಿತ್ತು. ಅಖವಿ ಕೂತಿದ್ದ ಸರ್ಕಾರಿ ರೇಡಿಯೊ ಸೋತಾಗ ಆ ಕೆಲಸವನ್ನು ಬಣಗಳ ರೇಡಿಯೊಗಳೂ ಪತ್ರಿಕೆಗಳೂ ಎತ್ತಿಕೊಂಡವು. ಅದರ ಜೊತೆಗೇ ತಮ್ಮ ಪದಗಳನ್ನೂ ಮಾರಿದವು. 2024ರಲ್ಲಿ ಆ ಸುದ್ದಿ ಬಾಂಬು ಹಾಕುವವನ ಕೈಯಲ್ಲೇ ಇತ್ತು. ಅಲ್-ಮನಾರ್‌ಗಾಗಲಿ ಎಂಟಿವಿಗಾಗಲಿ ಅದ್ರಯಿ ಅವರ ನಕ್ಷೆಯನ್ನು ಮತ್ತೆ ತೋರಿಸುವುದಕ್ಕಿಂತ ಜಾಸ್ತಿ ಏನೂ ಮಾಡಲು ಆಗುತ್ತಿರಲಿಲ್ಲ. ಆ ನಕ್ಷೆಗಳು ಎಚ್ಚರಿಕೆಯೂ ಹೌದು, ಪ್ರಚಾರವೂ ಹೌದು. ಕೆಂಪು ಬಳಿದ ಪ್ರತಿ ಕಟ್ಟಡದ ಪಕ್ಕ ‘ಇಲ್ಲಿ ಹಿಜ್ಬುಲ್ಲಾ ಇದೆ’ ಎಂಬ ವಾಕ್ಯ ಇರುತ್ತಿತ್ತು. ಜೀವ ಉಳಿಸಿಕೊಳ್ಳಲು ನಕ್ಷೆ ನೋಡಿದವರೆಲ್ಲ ಆ ವಾಕ್ಯವನ್ನೂ ಓದಲೇಬೇಕು.

2024ರ ನವೆಂಬರ್ 27ರಂದು ಕದನವಿರಾಮ ಜಾರಿಗೆ ಬಂತು. ಲೆಬನಾನಿನ ಶಾಲಾ ಇತಿಹಾಸ ಪುಸ್ತಕ ಇನ್ನೂ 1940ರ ದಶಕದಲ್ಲೇ ನಿಂತಿದೆ. ಅಂತರ್ಯುದ್ಧದ ಬಗ್ಗೆ ಎಲ್ಲರೂ ಒಪ್ಪುವ ಒಂದು ಪಾಠ ಬರೆಯಲು ಅಂತರ್ಯುದ್ಧ ಮುಗಿಸಲು ಮಾಡಿಕೊಂಡ 1989ರ ತಾಯಿಫ್ ಒಪ್ಪಂದದಿಂದಲೂ ಪ್ರಯತ್ನ ನಡೆದು ನಡೆದು ಬಿದ್ದುಹೋಗಿದೆ. ಹಾಗಾಗಿ ಆ 15 ವರ್ಷಗಳಲ್ಲಿ ಏನಾಯಿತು ಎಂದು ತಿಳಿಯಲು ಹೊರಟವನು ಕೊನೆಗೆ ಬಂದು ನಿಲ್ಲುವುದು ಅದೇ ಪಕ್ಷಪಾತಿ ಪತ್ರಿಕೆಗಳ ಮುಂದೆ. ಬರಹಗಾರ ಲುಕ್ಮಾನ್ ಸ್ಲಿಂ ದಹಿಯೆಯ ಹಾರೆತ್ ಹ್ರೈಕ್‌ನಲ್ಲಿರುವ ತಮ್ಮ ಮನೆಯಲ್ಲೇ ಉಮಮ್ ಎಂಬ ದಾಖಲೆ ಸಂಗ್ರಹ ಕಟ್ಟಿ ಹಳೆಯ ಕಾಗದಪತ್ರ, ಪತ್ರಿಕೆಗಳನ್ನು ಕೂಡಿಟ್ಟರು. 2021ರ ಫೆಬ್ರವರಿ 4ರಂದು ದಕ್ಷಿಣ ಲೆಬನಾನಿನಲ್ಲಿ ಅವರ ಕಾರಿನಲ್ಲಿ ಅವರ ಹೆಣ ಸಿಕ್ಕಿತು.

ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆ ವರ್ಷಗಳ ಪತ್ರಿಕೆಗಳು ಮೈಕ್ರೋಫಿಲ್ಮ್‌ನಲ್ಲಿವೆ. ಅನ್-ನಹಾರ್ ಒಂದು ಸುರುಳಿ, ಅಸ್-ಸಫೀರ್ ಇನ್ನೊಂದು. ಒಂದೇ ದಿನದ ಎರಡು ಮುಖಪುಟ ನೋಡಬೇಕೆಂದರೆ ಮೊದಲನೆಯದನ್ನು ಯಂತ್ರದಿಂದ ಬಿಚ್ಚಿ, ಸುತ್ತಿ, ಡಬ್ಬಿಗೆ ಹಾಕಿ, ಆಮೇಲೆ ಎರಡನೆಯದನ್ನು ಹಾಕಬೇಕು. ಅಷ್ಟು ಹೊತ್ತು ಮೊದಲ ಪುಟವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.